ತೂಗುದೀಪ ಮತ್ತು ಕಿರ್ದಿ ಪುಸ್ತಕ: ವಸಾಹತು ಕಾಲದ ಜಮೀನ್ದಾರಿ ಮನೆತನಗಳು ಭಾರತೀಯ ಸಿನಿಮಾದಲ್ಲಿ

ಬ್ರಿಟಿಷ್ ಆಳ್ವಿಕೆಯ ಕಾಲದ ಜಮೀನ್ದಾರಿ ಮನೆತನವೊಂದರ ಏಳುಬೀಳನ್ನು, ಅದರಲ್ಲೂ ಬಹುಮಟ್ಟಿಗೆ ಬೀಳನ್ನೇ, ಕಥಾವಸ್ತುವಾಗಿ ಆಯ್ದುಕೊಂಡ ಚಿತ್ರಗಳು ಭಾರತೀಯ ಸಿನಿಮಾದಲ್ಲಿ ಒಂದು ಪ್ರತ್ಯೇಕ ಪ್ರಕಾರವೆಂದು ಕರೆಯುವಷ್ಟು ಇವೆ. ಗಾರೆ ಉದುರಿದ ಕಂಬಗಳ ದೊಡ್ಡ ಮನೆ, ತೂಗುದೀಪ, ಮುಜ್ರಾ, ಮದ್ಯ, ಅಂತಃಪುರದಲ್ಲಿ ಕೊರಗುವ ಹೆಂಗಸು, ಕೊನೆಯವರೆಗೂ ಬಿಟ್ಟುಹೋಗದ ಮುದಿ ಸೇವಕ, ಅಂತ್ಯದಲ್ಲೊಂದು ಸಾವು, ಇವೆಲ್ಲ ಈ ಪ್ರಕಾರದ ಸಿದ್ಧ ಸಾಮಗ್ರಿ. ಇದೇ ಸಾಮಗ್ರಿಯಿಂದ ಶ್ರೇಷ್ಠ ಕೃತಿಗಳೂ ಹುಟ್ಟಿವೆ, ಬರಿಯ ಜರತಾರಿ ಪ್ರದರ್ಶನಗಳೂ ಹುಟ್ಟಿವೆ. ಎರಡು ಬಗೆಯವನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಅವುಗಳ ಕಲಾಮೌಲ್ಯವೇನೇ ಇರಲಿ, ಉತ್ತರ ಸಿಗದೆ ಉಳಿಯುವ ಪ್ರಶ್ನೆಯೊಂದಿದೆ: ಆ ತೂಗುದೀಪ ಉರಿಸಲು ದುಡ್ಡು ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ಪುಸ್ತಕದಲ್ಲಿ ಅದರ ಲೆಕ್ಕ ಬರೆಯಲಾಯಿತು? ಕ್ಯಾಮೆರಾ ಆ ಕಿರ್ದಿ ಪುಸ್ತಕದ ಕಡೆಗೆ ಯಾವಾಗ ತಿರುಗಿತು, ಯಾವಾಗ ತಿರುಗಲಿಲ್ಲ ಎಂಬುದನ್ನು ಹಿಡಿದು ಹೊರಟರೆ, ಜಮೀನ್ದಾರನ ಭ್ರಷ್ಟತೆಯನ್ನು ಈ ಚಿತ್ರಗಳು ಹೇಗೆ ಅರ್ಥಮಾಡಿಕೊಂಡವು ಎಂಬುದೂ ಸ್ಪಷ್ಟವಾಗುತ್ತದೆ.

ಪ್ರಶ್ನೆಯ ತೂಕ ತಿಳಿಯಬೇಕಾದರೆ ಮೊದಲು ಕಂದಾಯದ ವ್ಯವಸ್ಥೆಯನ್ನು ನೋಡಬೇಕು. 1793ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳ ಮತ್ತು ಬಿಹಾರ ಪ್ರಾಂತಗಳಲ್ಲಿ ಜಾರಿಗೆ ತಂದ ಖಾಯಂ ಜಮೀನ್ದಾರಿ ಪದ್ಧತಿಯಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯವನ್ನು ಶಾಶ್ವತವಾಗಿ ನಿಗದಿಪಡಿಸಲಾಯಿತು. ರೈತರಿಂದ ವಸೂಲಾಗುತ್ತದೆಂದು ಅಂದಾಜು ಮಾಡಿದ ಮೊತ್ತದ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಕಂಪನಿಗೆ, ಒಂದು ಪಾಲು ಜಮೀನ್ದಾರನಿಗೆ ಎಂಬುದು ಅದರ ಸೂತ್ರ. ಗೊತ್ತುಪಡಿಸಿದ ದಿನ ಸೂರ್ಯ ಮುಳುಗುವುದರೊಳಗೆ ಹಣ ಕಟ್ಟದಿದ್ದರೆ ಜಮೀನ್ದಾರಿಯೇ ಹರಾಜಿಗೆ ಬರುತ್ತಿದ್ದುದರಿಂದ ಜನ ಇದನ್ನು ಸೂರ್ಯಾಸ್ತದ ಕಾನೂನು ಎಂದೇ ಕರೆದರು. ಸರ್ಕಾರದ ಪಾಲು ಏರುವಂತಿರಲಿಲ್ಲ, ಆದರೆ ರೈತ ಕೊಡಬೇಕಾದ ಗೇಣಿಗೆ ಅಂಥ ಗಟ್ಟಿಯಾದ ಮಿತಿ ಇರಲಿಲ್ಲ. ಹಾಗಾಗಿ ಸಾಗುವಳಿ ಹೆಚ್ಚಿದಂತೆ, ಬೆಲೆ ಏರಿದಂತೆ, ನಡುವಿನ ಲಾಭವೆಲ್ಲ ಜಮೀನ್ದಾರನ ಮನೆ ಸೇರಿತು. 1799ರ ಕಟ್ಟಳೆಯೊಂದು ಬಾಕಿ ಉಳಿಸಿಕೊಂಡ ರೈತನ ಬೆಳೆ, ದನಕರುಗಳನ್ನು ಜಪ್ತಿ ಮಾಡುವ ಅಧಿಕಾರವನ್ನೂ ಅವನಿಗೆ ಕೊಟ್ಟಿತು. ಬರ್ದ್ವಾನ್ ರಾಜಮನೆತನ ಆರಂಭಿಸಿದ ಪತ್ತನಿ ಎಂಬ ಒಳಗುತ್ತಿಗೆಯ ಕ್ರಮಕ್ಕೆ 1819ರಲ್ಲಿ ಕಾನೂನಿನ ಮನ್ನಣೆ ದೊರೆತ ಮೇಲಂತೂ ಜಮೀನ್ದಾರನ ಕೆಳಗೆ ಪತ್ತನಿದಾರ, ಅವನ ಕೆಳಗೆ ದರ್‌ಪತ್ತನಿದಾರ, ಅವನ ಕೆಳಗೆ ಮತ್ತೊಬ್ಬ ಎಂದು ಮೆಟ್ಟಿಲುಗಳು ಬೆಳೆದವು. ಮೇಲಿನವನು ಕಲ್ಕತ್ತೆಯಲ್ಲಿ ಕೂತು ಹಣ ಎಣಿಸಿಕೊಂಡರೆ ಸಾಕಾಯಿತು, ಹಳ್ಳಿಯಲ್ಲಿ ನಾಯಬ, ಗುಮಾಸ್ತ, ಲಾಠಿ ಹಿಡಿದ ಪಾಯಿಕ ಉಳಿದದ್ದನ್ನು ನೋಡಿಕೊಂಡರು.

ಇದರ ಮೇಲೆ ಅಬ್ವಾಬ್ ಎಂಬ ಕಟ್ಟಳೆಯಿಲ್ಲದ ವಸೂಲಿಗಳಿದ್ದವು. ಧಣಿಯ ಮಗನ ಮದುವೆಗೆ, ಮನೆಯ ಪೂಜೆಗೆ, ಶ್ರಾದ್ಧಕ್ಕೆ, ಧಣಿ ಊರಿಗೆ ಬಂದದ್ದಕ್ಕೆ ರೈತರು ಕೊಡಬೇಕಾಗಿದ್ದ ಈ ಹಣವನ್ನು ಕಾನೂನು ನಿಷೇಧಿಸಿದ್ದರೂ ರೂಢಿ ನಿಷೇಧಿಸಿರಲಿಲ್ಲ. ಬಂಗಾಳದಿಂದ ದೂರದ ಅವಧ್ ಪ್ರಾಂತದಲ್ಲಿ ತಾಲೂಕ್‌ದಾರರು ಆನೆ ಕೊಂಡಾಗ ಹಾಥಿಯಾನಾ, ಕಾರು ಕೊಂಡಾಗ ಮೋಟರಾನಾ ಎಂದು ಬೇರೆ ಬೇರೆ ಹೆಸರಿಟ್ಟು ವಸೂಲು ಮಾಡುತ್ತಿದ್ದುದು 1920-21ರ ಕಿಸಾನ್ ಚಳವಳಿಯ ದೂರುಗಳಲ್ಲಿ ಪ್ರಮುಖವಾಗಿತ್ತು. ಇಷ್ಟು ಹೇಳಿದ ಮೇಲೆ, ಭ್ರಷ್ಟ ಜಮೀನ್ದಾರ ಎಂಬ ಮಾತಿನಲ್ಲಿ ಭ್ರಷ್ಟತೆಯು ಒಬ್ಬ ವ್ಯಕ್ತಿಯ ಕುಡಿತ, ವೇಶ್ಯಾಸಂಗ, ದುಂದುವೆಚ್ಚಗಳಿಗೆ ಸೀಮಿತವಾದುದಲ್ಲ, ಹಣ ಹರಿದುಬರುವ ಕಾಲುವೆಯೇ ಅಂಥದ್ದು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಸಿನಿಮಾದ ತೊಡಕು ಇರುವುದೂ ಇಲ್ಲಿಯೇ. ಕುಡಿತವನ್ನು ತೆರೆಯ ಮೇಲೆ ತೋರಿಸಬಹುದು. ಅಬ್ವಾಬನ್ನು ತೋರಿಸುವುದು ಕಷ್ಟ.

ಬಂಗಾಳಿ ಸಾಹಿತ್ಯ ಈ ಕಷ್ಟವನ್ನು ಸಿನಿಮಾಕ್ಕಿಂತ ಬಹಳ ಮೊದಲೇ ಎದುರಿಸಿತ್ತು. ಪಾಬ್ನಾ ಜಿಲ್ಲೆಯ ರೈತರು ಗೇಣಿ ಏರಿಕೆಯ ವಿರುದ್ಧ ಸಂಘ ಕಟ್ಟಿಕೊಂಡು ಎದ್ದ 1873ರಲ್ಲೇ ಮೀರ್ ಮೊಶರ್ರಫ್ ಹುಸೇನರ ‘ಜಮೀದಾರ್ ದರ್ಪಣ್’ ನಾಟಕ ಹೊರಬಂದಿತು. ರೈತನ ಹೆಂಡತಿಯ ಮೇಲೆ ಕಣ್ಣು ಹಾಕಿದ ಜಮೀನ್ದಾರನೂ ಅವನನ್ನು ಖುಲಾಸೆ ಮಾಡುವ ನ್ಯಾಯಾಲಯವೂ ಅದರಲ್ಲಿ ಒಂದೇ ಯಂತ್ರದ ಎರಡು ಭಾಗಗಳಾಗಿ ಕಾಣಿಸುತ್ತವೆ. ಆದರೆ ಇಪ್ಪತ್ತನೆಯ ಶತಮಾನದ ನಡುವಿನ ಚಿತ್ರನಿರ್ಮಾಪಕರು ಕಥೆ ಹುಡುಕಿ ಹೋದದ್ದು ಆ ನಾಟಕದ ಕಡೆಗಲ್ಲ, ತಾರಾಶಂಕರ ಬಂದ್ಯೋಪಾಧ್ಯಾಯ, ಬಿಮಲ್ ಮಿತ್ರ ಮೊದಲಾದವರ ಕಡೆಗೆ. ತಾರಾಶಂಕರರು ಬೀರ್‌ಭೂಮ್ ಜಿಲ್ಲೆಯ ಲಾಭಪುರದ ಸಣ್ಣ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದವರು. ಕುಸಿಯುತ್ತಿರುವ ದೊಡ್ಡಸ್ತಿಕೆಯನ್ನು ಮನೆಯೊಳಗಿನಿಂದ ಬಲ್ಲವರು. ಅವರ ಕಥೆಗಳಲ್ಲಿ ಜಮೀನ್ದಾರನ ಬಗ್ಗೆ ಇರುವ ಮರುಕಕ್ಕೂ ನಿಷ್ಠುರತೆಗೂ ಈ ಒಳಗಿನ ಪರಿಚಯವೇ ಕಾರಣ.

ಅವರ ಒಂದು ಸಣ್ಣಕಥೆಯನ್ನು ಆಧರಿಸಿ ಸತ್ಯಜಿತ್ ರಾಯ್ 1958ರಲ್ಲಿ ‘ಜಲ್ಸಾಘರ್’ ಚಿತ್ರವನ್ನು ತೆರೆಗೆ ತಂದರು. 1920ರ ದಶಕದಲ್ಲಿ ನಡೆಯುವ ಕಥೆಯ ಕೇಂದ್ರದಲ್ಲಿರುವ ಬಿಶ್ವಂಭರ ರಾಯ್ ಎಂಬ ಜಮೀನ್ದಾರನ ಭೂಮಿಯನ್ನು ನದಿ ಕೊರೆದು ತಿನ್ನುತ್ತಿದೆ. ಅವನು ಮಾತ್ರ ಮನೆಯ ಸಂಗೀತಶಾಲೆಯಲ್ಲಿ ಕಚೇರಿ ಏರ್ಪಡಿಸುವುದನ್ನು ನಿಲ್ಲಿಸಲಾರ. ಮಗನ ಉಪನಯನದ ಕಚೇರಿಗೆ ಬೇಗಂ ಅಖ್ತರ್ ಹಾಡುತ್ತಾರೆ, ಹೆಂಡತಿಯ ಆಭರಣದ ಪೆಟ್ಟಿಗೆ ಬರಿದಾಗುತ್ತ ಹೋಗುತ್ತದೆ, ಮುಂದಿನ ಕಚೇರಿಯ ಬಿರುಗಾಳಿಯ ರಾತ್ರಿ ದೋಣಿ ಮಗುಚಿ ಹೆಂಡತಿ ಮಗ ಇಬ್ಬರೂ ಸಾಯುತ್ತಾರೆ. ವರ್ಷಗಳ ನಂತರ ಉಳಿದ ಕೊನೆಯ ಹಣವನ್ನು ರೋಶನ್ ಕುಮಾರಿಯ ಕಥಕ್ ನೃತ್ಯಕ್ಕೆ ಸುರಿದು, ಮರುದಿನ ಬೆಳಗ್ಗೆ ಕುದುರೆಯೇರಿ ಓಡಿ ಬಿದ್ದು ಅವನೂ ಸಾಯುತ್ತಾನೆ. ಛಬಿ ಬಿಶ್ವಾಸ್ ಈ ಪಾತ್ರವನ್ನು ವಹಿಸಿದ ರೀತಿಯಲ್ಲಿ, ಕುರ್ಚಿಯಲ್ಲಿ ಅವರು ಕೂತಿರುವ ಭಂಗಿಯೊಂದರಲ್ಲೇ, ಒಂದು ವರ್ಗದ ಆಲಸ್ಯ, ಘನತೆ, ಮೂರ್ಖತನ ಮೂರೂ ಒಟ್ಟಿಗೆ ಇವೆ. ಚಿತ್ರದ ಆರಂಭದಲ್ಲಿ ಅವನು ಮಾಳಿಗೆಯ ಮೇಲೆ ಕೂತು ಸೇವಕ ಅನಂತನನ್ನು ಇದು ಯಾವ ತಿಂಗಳೆಂದು ಕೇಳುತ್ತಾನೆ. ಕಂದಾಯದ ಕಂತಿನ ದಿನಕ್ಕೆ ಜೀವನವೇ ಕಟ್ಟುಬಿದ್ದಿದ್ದ ವರ್ಗದ ಮನುಷ್ಯನಿಗೆ ತಿಂಗಳು ಮರೆತುಹೋಗಿದೆ ಎಂಬುದಕ್ಕಿಂತ ಚಿಕ್ಕದಾಗಿ ಅವನ ಸ್ಥಿತಿಯನ್ನು ಹೇಳುವುದು ಸಾಧ್ಯವಿರಲಿಲ್ಲ.

ಕಥೆಯಲ್ಲಿ ಅವನ ಪ್ರತಿಸ್ಪರ್ಧಿ ಮಹಿಮ್ ಗಂಗೂಲಿ, ಬಡ್ಡಿ ವ್ಯವಹಾರದಿಂದ ಮೇಲೆ ಬಂದ ಮನೆಯವನು. ಅವನ ಮನೆಯಲ್ಲಿ ವಿದ್ಯುತ್ತಿದೆ, ಅದರ ಯಂತ್ರದ ಸದ್ದು ಜಮೀನ್ದಾರನ ಕಿವಿಗೆ ಬಡಿಯುತ್ತದೆ. ಅವನ ಲಾರಿ ಎಬ್ಬಿಸಿದ ಧೂಳು ಬಯಲಿನಲ್ಲಿ ನಿಂತ ಜಮೀನ್ದಾರನ ಆನೆ ಮೋತಿಯನ್ನು ಮುಸುಕುತ್ತದೆ. ಈ ದೃಶ್ಯವನ್ನು ವಿಮರ್ಶಕರು ಹಳೆಯ ಕಾಲವನ್ನು ಹೊಸ ಕಾಲ ಮುಚ್ಚಿಹಾಕಿದ ಸಂಕೇತವಾಗಿ ಓದುತ್ತ ಬಂದಿದ್ದಾರೆ, ಅದು ಸರಿಯೂ ಹೌದು. ಆದರೆ ಆನೆಗೂ ಲಾರಿಗೂ ಹಣ ಬಂದದ್ದು ಒಂದೇ ಹೊಲದಿಂದ ಎಂಬುದನ್ನು ಚಿತ್ರ ಹೇಳುವುದಿಲ್ಲ, ಹೇಳಬೇಕೆಂದು ಬಯಸಿಯೂ ಇಲ್ಲ. ಕೊನೆಯ ಕಚೇರಿಯಲ್ಲಿ ನರ್ತಕಿಗೆ ಮೊದಲು ಇನಾಮು ಕೊಡಲು ಮುಂದಾದ ಮಹಿಮನ ಕೈಯನ್ನು ಬಿಶ್ವಂಭರ ತನ್ನ ಕೋಲಿನಿಂದ ತಡೆದು, ಮೊದಲ ಇನಾಮು ಮನೆಯ ಯಜಮಾನನ ಹಕ್ಕು ಎಂದು ನೆನಪಿಸುವಾಗ ಪ್ರೇಕ್ಷಕನ ಮನಸ್ಸು ತಾನಾಗಿ ಕೋಲಿನ ಪಕ್ಷ ವಹಿಸುತ್ತದೆ. ಸಂಗೀತ ಬಲ್ಲವನ ದುಂದು ದುರಂತವಾಗುತ್ತದೆ, ಸಂಗೀತ ತಿಳಿಯದವನ ಗಳಿಕೆ ಅಶ್ಲೀಲವಾಗುತ್ತದೆ. ರಾಯ್ ಅವರಂಥ ನಿರ್ಲಿಪ್ತ ಕಲಾವಿದ ಬಿಶ್ವಂಭರನ ರಕ್ತದ ಹೆಮ್ಮೆಯನ್ನು ವ್ಯಂಗ್ಯವಾಗಿಯೇ ನೋಡಿದ್ದಾರೆ, ಮದ್ಯದ ಬಟ್ಟಲಿನಲ್ಲಿ ಬಿದ್ದು ಒದ್ದಾಡುವ ಹುಳುವನ್ನೂ ಅವನ ಭಾವಚಿತ್ರದ ಮೇಲೆ ಹರಿದಾಡುವ ಜೇಡವನ್ನೂ ತೋರಿಸಿದ್ದಾರೆ. ಆದರೂ ತಕ್ಕಡಿ ಒಂದು ಕಡೆಗೆ ವಾಲಿಯೇ ಇದೆ. ಚಿತ್ರೀಕರಣ ನಡೆದದ್ದು ಮುರ್ಷಿದಾಬಾದ್ ಜಿಲ್ಲೆಯಲ್ಲಿ ಪದ್ಮಾ ನದಿಯ ದಂಡೆಯ ಮೇಲಿದ್ದ ನಿಮ್ತಿತಾ ಮನೆತನದ ಅರಮನೆಯಲ್ಲಿ. ತಾರಾಶಂಕರರು ಕಥೆ ಬರೆಯುವಾಗ ಮನಸ್ಸಿನಲ್ಲಿಟ್ಟುಕೊಂಡಿದ್ದುದು ಅದೇ ಮನೆತನದ ಸಂಗೀತಪ್ರಿಯ ಜಮೀನ್ದಾರರೊಬ್ಬರನ್ನು ಎಂಬುದು ಜಾಗ ಆಯ್ದ ನಂತರವೇ ತಿಳಿದುಬಂತು. ಅಲ್ಲಿನ ನಿಜವಾದ ಸಂಗೀತದ ಕೋಣೆ ಚಿತ್ರದ ಕಚೇರಿಗಳಿಗೆ ಒಗ್ಗದ ಕಾರಣ ಬನ್ಸಿ ಚಂದ್ರಗುಪ್ತ ಅವರ ಕಲಾನಿರ್ದೇಶನದಲ್ಲಿ ಸ್ಟುಡಿಯೋದೊಳಗೆ ಹೊಸ ಸಂಗೀತಶಾಲೆ ಕಟ್ಟಬೇಕಾಯಿತು ಎಂಬ ಸಂಗತಿ ಇಲ್ಲಿ ಗಮನಾರ್ಹ. ಕಳೆದುಹೋದ ವೈಭವಕ್ಕೆ ಸಿನಿಮಾ ತನ್ನ ಕೈಯಿಂದಲೂ ಒಂದಿಷ್ಟು ಸೇರಿಸಿದೆ.

ಬಿಮಲ್ ಮಿತ್ರರ ಕಾದಂಬರಿಯನ್ನು ಆಧರಿಸಿ ಗುರುದತ್ ನಿರ್ಮಿಸಿ ಅಬ್ರಾರ್ ಅಲ್ವಿ ನಿರ್ದೇಶಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಇದೇ ವಸ್ತುವನ್ನು ಹಳ್ಳಿಯ ಅರಮನೆಯಿಂದ ಕಲ್ಕತ್ತೆಯ ಹವೇಲಿಗೆ ತರುತ್ತದೆ. ಇದೇ ಕಾದಂಬರಿ 1956ರಲ್ಲಿ ಬಂಗಾಳಿಯಲ್ಲೂ ಚಿತ್ರವಾಗಿತ್ತು. ಊರಿನಲ್ಲಿರದ ಜಮೀನ್ದಾರ ಎಂಬ ವರ್ಗವನ್ನು ಹಿಂದಿ ಪ್ರೇಕ್ಷಕರಿಗೆ ಇಷ್ಟು ವಿವರವಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲ: ನಡುವಣ ಯಜಮಾನನ ಪಾರಿವಾಳದ ಹುಚ್ಚು, ಬೆಕ್ಕಿನ ಮದುವೆಗೆ ಸುರಿದ ಹಣ, ಮನೆತುಂಬ ಗಡಿಯಾರಗಳಿದ್ದೂ ಸಮಯ ತಿಳಿಯದವರ ನಡುವೆ ಅವುಗಳಿಗೆ ಕೀಲಿ ಕೊಡುತ್ತ ಮನೆ ನಾಶವಾಗುವುದನ್ನು ಸಾರುವ ಹುಚ್ಚ. ಗಂಡನನ್ನು ನರ್ತಕಿಯ ಮನೆಯಿಂದ ತನ್ನೆಡೆಗೆ ಸೆಳೆಯಲು ಕುಡಿತ ಕಲಿತು, ಅದಕ್ಕೇ ದಾಸಿಯಾಗುವ ಛೋಟಿ ಬಹೂ ಪಾತ್ರದಲ್ಲಿ ಮೀನಾಕುಮಾರಿ, ಮನೆತನದ ಕೊಳೆತ ಮೊದಲು ತಿನ್ನುವುದು ಅದರ ಹೆಂಗಸರನ್ನು ಎಂಬುದಕ್ಕೆ ರೂಪ ಕೊಟ್ಟಿದ್ದಾರೆ. ಮನೆತನದ ಮಾನ ಕಾಯುವ ಹೆಸರಿನಲ್ಲಿ ಅವಳನ್ನು ಕೊಲ್ಲಿಸಿ ಹೂತುಹಾಕಲಾಗುತ್ತದೆ. ಪಾಳುಬಿದ್ದ ಹವೇಲಿಯನ್ನು ಕೆಡಹುವಾಗ ಸಿಕ್ಕ ಅಸ್ಥಿಪಂಜರದ ಕೈಯ ಕಡಗವೇ ಕೊಲೆಯ ಸಾಕ್ಷಿ. ಆ ಕೆಲಸದ ಮೇಲ್ವಿಚಾರಣೆಗೆ ನಿಂತವನು ಒಂದು ಕಾಲಕ್ಕೆ ಅದೇ ಮನೆಯಲ್ಲಿ ಆಶ್ರಯ ಪಡೆದಿದ್ದ ಭೂತನಾಥ.

ಈ ಚಿತ್ರದ ಛಾಯಾಗ್ರಾಹಕರು ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿ, ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ನಿರ್ಮಾಪಕ ಗುರುದತ್ ಕೂಡ ಬೆಂಗಳೂರಿನಲ್ಲಿ ಹುಟ್ಟಿದವರೇ. ಮೂರ್ತಿಯವರ ಬೆಳಕಿನ ವಿನ್ಯಾಸವನ್ನು ಹೊಗಳುವವರೆಲ್ಲ ಉದಾಹರಿಸುವ ಮುಜ್ರಾ ದೃಶ್ಯವೊಂದಿದೆ: ಮುಖ್ಯ ನರ್ತಕಿಯ ಮೇಲೆ ಬೆಳಕು ಬಿದ್ದಿದ್ದರೆ, ಹಿಂದೆ ಕುಣಿಯುವ ಹೆಂಗಸರ ಮುಖಗಳೆಲ್ಲ ಉದ್ದಕ್ಕೂ ನೆರಳಿನಲ್ಲೇ ಉಳಿಯುತ್ತವೆ. ತಾಂತ್ರಿಕ ಕೌಶಲವಾಗಿ ಅದು ಅಸಾಧಾರಣ. ಇಡೀ ಚಿತ್ರದ ದೃಷ್ಟಿಯೂ ಆ ದೃಶ್ಯದ ಬೆಳಕಿನಂತೆಯೇ ಹಂಚಿಕೆಯಾಗಿದೆ ಎಂದರೆ ತಪ್ಪಾಗದು. ಹವೇಲಿಯ ದಬ್ಬಾಳಿಕೆಗೆ ಗುರಿಯಾದ ರೈತ ಕ್ಷಣಮಾತ್ರ ಕಾಣಿಸಿಕೊಂಡು ಮರೆಯಾಗುತ್ತಾನೆ, ಅವನ ಮುಖ ನೆನಪಿನಲ್ಲಿ ಉಳಿಯುವುದಿಲ್ಲ. ಉಳಿಯುವುದು ಛೋಟಿ ಬಹೂವಿನ ಮುಖ. ಹಾಗೆಂದು ಚಿತ್ರ ಜಮೀನ್ದಾರರನ್ನು ಮೆರೆಸುತ್ತದೆಂದಲ್ಲ. ಮನೆಯೊಳಗಿನ ಅನ್ಯಾಯವನ್ನು ಅದು ಒಂದಿಷ್ಟೂ ಮುಚ್ಚಿಡದೆ ಹೇಳುತ್ತದೆ, ಮನೆಯ ಹೊರಗಿನದರ ಬಗ್ಗೆ ಮಾತ್ರ ಮಾತು ಕಡಿಮೆ.

ಈ ಎರಡೂ ಚಿತ್ರಗಳು ಬಂದ ಕಾಲವನ್ನು ಮರೆಯುವಂತಿಲ್ಲ. ಪಶ್ಚಿಮ ಬಂಗಾಳದಲ್ಲಿ ಜಮೀನ್ದಾರಿಯನ್ನು ಕೊನೆಗೊಳಿಸಿದ ಕಾನೂನು 1953ರದು. ಅದಾದ ಹತ್ತು ವರ್ಷಗಳ ಒಳಗೇ ಈ ಚಿತ್ರಗಳು ತೆರೆ ಕಂಡವು. ಅಧಿಕಾರ ಇದ್ದಾಗ ಭಯ ಹುಟ್ಟಿಸುತ್ತಿದ್ದವನು ಅಧಿಕಾರ ಹೋದ ಮೇಲೆ ಕನಿಕರಕ್ಕೆ ಪಾತ್ರನಾಗುತ್ತಾನೆ. ಕಾನೂನು ವಿಚಾರಣೆ ಮುಗಿಸಿದ್ದರಿಂದ ಕಲೆ ಶೋಕಾಚರಣೆ ಆರಂಭಿಸಬಹುದಾಗಿತ್ತು. ರಾಯ್ ಅವರೇ ಮುಂದೆ 1984ರಲ್ಲಿ ಟಾಗೋರರ ಕಾದಂಬರಿಯಿಂದ ‘ಘರೇ ಬೈರೇ’ ಮಾಡಿದಾಗ, ಸ್ವದೇಶಿ ಚಳವಳಿಯ ಹೆಸರಿನಲ್ಲಿ ವಿದೇಶಿ ಬಟ್ಟೆ ಸುಟ್ಟರೆ ಬಡ ಮುಸ್ಲಿಂ ವ್ಯಾಪಾರಿಯ ಹೊಟ್ಟೆಗೆ ಏನಾಗುತ್ತದೆಂದು ಕೇಳುವ ಉದಾರಿ ಜಮೀನ್ದಾರ ನಿಖಿಲೇಶನ ಮೂಲಕ ಮನೆಯ ಹೊರಗಿನವರಿಗೂ ಒಂದಿಷ್ಟು ಜಾಗ ಸಿಕ್ಕಿತು.

ಋತುಪರ್ಣ ಘೋಷ್ ಅವರ ‘ಅಂತರ್‌ಮಹಲ್’ (2005) ಶೋಕದ ಗೊಡವೆಗೆ ಹೋಗದ ಚಿತ್ರ. ಇದಕ್ಕೂ ತಾರಾಶಂಕರರ ಕಥೆಯೇ ಮೂಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆಯುವ ಈ ಕಥೆಯ ಜಮೀನ್ದಾರ ಭುವನೇಶ್ವರ ಚೌಧರಿಗೆ ಎರಡೇ ಹಂಬಲ: ಗಂಡು ಸಂತಾನ ಮತ್ತು ಬ್ರಿಟಿಷ್ ಸರ್ಕಾರ ತನಗೆ ನಿಷ್ಠರಾದ ಭಾರತೀಯರಿಗೆ ಕೊಡುತ್ತಿದ್ದ ರಾಯ್‌ಬಹದ್ದೂರ್ ಬಿರುದು. ಮೊದಲನೆಯದಕ್ಕಾಗಿ ಕಿರಿಯ ಹೆಂಡತಿಯ ಶಯ್ಯೆಯ ಪಕ್ಕದಲ್ಲೇ ಪುರೋಹಿತನನ್ನು ಕೂರಿಸಿ ಮಂತ್ರ ಹೇಳಿಸುತ್ತಾನೆ, ಎರಡನೆಯದಕ್ಕಾಗಿ ಪೂಜೆಯ ದುರ್ಗೆಯ ವಿಗ್ರಹಕ್ಕೆ ವಿಕ್ಟೋರಿಯಾ ರಾಣಿಯ ಮುಖ ಮಾಡಿಸಲು ಹೊರಡುತ್ತಾನೆ. ಶಿಲ್ಪಿ ರಾಣಿಯ ಬದಲು ಆ ಕಿರಿಯ ಹೆಂಡತಿಯ ಮುಖವನ್ನು ದೇವಿಗೆ ಕೊಟ್ಟುಬಿಡುವಲ್ಲಿಗೆ ದುರಂತ ತಲೆ ಎತ್ತುತ್ತದೆ. ಚಿತ್ರದ ಕೆಲವು ದೃಶ್ಯಗಳು ಅಗತ್ಯಕ್ಕಿಂತ ಹೆಚ್ಚು ಒರಟು, ಪಾತ್ರವರ್ಗದಲ್ಲಿ ಹಿಂದಿಯ ತಾರೆಯರನ್ನು ತಂದದ್ದರಿಂದ ಬಂಗಾಳದ ಮನೆಯೊಂದರ ನುಡಿಯ ಹದ ಅಲ್ಲಲ್ಲಿ ತಪ್ಪಿದೆ. ಆದರೆ ಜಮೀನ್ದಾರಿ ಎಂಬುದು ಪುರಾತನ ಭಾರತೀಯ ಸಂಸ್ಥೆಯಲ್ಲ, ವಸಾಹತುಶಾಹಿ ಸರ್ಕಾರದ ಕೃಪೆಯಿಂದ ನಿಂತ, ಆ ಕೃಪೆಗಾಗಿ ದೇವರ ಮುಖವನ್ನೂ ಬದಲಿಸಲು ಸಿದ್ಧವಾಗಿದ್ದ ಏರ್ಪಾಡು ಎಂಬುದನ್ನು ಒಂದೇ ವಿಗ್ರಹದಲ್ಲಿ ಹಿಡಿದ ಚಿತ್ರ ಇದು. ‘ಜಲ್ಸಾಘರ್’ನಲ್ಲಿ ಬಿಳಿಯನ ನೆರಳು ಅಷ್ಟಾಗಿ ಬೀಳುವುದೇ ಇಲ್ಲ ಎಂಬುದು ಇದನ್ನು ನೋಡಿದ ಮೇಲೆ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ.

ಕಿರ್ದಿ ಪುಸ್ತಕ ಭಾರತೀಯ ಸಿನಿಮಾದಲ್ಲಿ ಕಾಣಿಸಿಕೊಂಡಿಲ್ಲವೇ ಎಂದರೆ, ಧಾರಾಳವಾಗಿ ಕಾಣಿಸಿಕೊಂಡಿದೆ, ಆದರೆ ಹೆಚ್ಚಾಗಿ ಸಾಹುಕಾರನ ಕೈಯಲ್ಲಿ. ‘ಮದರ್ ಇಂಡಿಯಾ’ (1957) ಚಿತ್ರದ ಸುಖೀಲಾಲ 500 ರೂಪಾಯಿ ಸಾಲಕ್ಕೆ ಬೆಳೆಯ ಮುಕ್ಕಾಲು ಪಾಲನ್ನು ವರ್ಷ ವರ್ಷವೂ ಬಡ್ಡಿಯಾಗಿ ಒಯ್ಯುತ್ತಾನೆ, ಅಕ್ಷರ ಬಾರದ ಮನೆಯವರಿಗೆ ಅವನ ಪುಸ್ತಕವೇ ವಿಧಿ. ಆ ಮನೆಯ ಮಗ ಬಿರ್ಜುವಿನ ಸಿಟ್ಟೂ ಮೊದಲು ತಿರುಗುವುದು ಆ ಪುಸ್ತಕಗಳ ಮೇಲೆ. ಆ ಹಳ್ಳಿಯಲ್ಲಿ ಜಮೀನ್ದಾರನ ಕಾಟ ಕಥೆಯ ವಿಷಯವೇ ಅಲ್ಲ. ಇದಕ್ಕೆ ದೊಡ್ಡ ಅಪವಾದ ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ (1953). ಕಾರ್ಖಾನೆಗೆಂದು ತನ್ನ ತುಂಡು ಭೂಮಿ ಮಾರಲು ಒಪ್ಪದ ಶಂಭು, 65 ರೂಪಾಯಿ ಸಾಲವೆಂದು ತಿಳಿದು ಮನೆಯ ಪಾತ್ರೆ ಪಡಗ ಮಾರಿ ಹಣ ತಂದರೆ, ಜಮೀನ್ದಾರನ ಕಡತದಲ್ಲಿ ಅದು 235 ಆಗಿರುತ್ತದೆ, ಕೋರ್ಟು ಕಡತವನ್ನೇ ನಂಬುತ್ತದೆ. ಕಥೆ ಸ್ವಾತಂತ್ರ್ಯದ ನಂತರದ್ದಾದರೂ ಆ ಕಡತ, ಆ ಹೆಬ್ಬೆಟ್ಟು, ಆ ಕೋರ್ಟು ಎಲ್ಲವೂ ವಸಾಹತು ಕಾಲದ ಆಸ್ತಿ. ಜಮೀನ್ದಾರನ ಲೆಕ್ಕದ ಪುಸ್ತಕ ತೆರೆದ ಕೂಡಲೇ ಅವನ ಸುತ್ತಲಿನ ಪ್ರಭಾವಳಿ ಕಳಚಿ ಬೀಳುತ್ತದೆ, ಅವನೂ ಸುಖೀಲಾಲನೂ ಒಂದೇ ಕಸುಬಿನವರೆಂದು ತಿಳಿದುಹೋಗುತ್ತದೆ. ತೂಗುದೀಪದ ಚಿತ್ರಗಳು ಆ ಪುಸ್ತಕವನ್ನು ತೆರೆಯದಿರಲು ಇದೂ ಒಂದು ಕಾರಣವಿದ್ದೀತು.

ಜಮೀನ್ದಾರಿ ಇನ್ನೂ ಬದುಕಿದ್ದಾಗಲೇ ಅದರ ವಿರುದ್ಧ ತೆಗೆದ ಚಿತ್ರವೊಂದು ತೆಲುಗಿನಲ್ಲಿದೆ. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನದ ‘ರೈತುಬಿಡ್ಡ’ (1939) ಮದರಾಸು ಪ್ರಾಂತದ ಜಮೀನ್ದಾರರ ದಬ್ಬಾಳಿಕೆಯನ್ನು ನೇರವಾಗಿ ತೋರಿಸಿದ್ದಕ್ಕೆ ಜಮೀನ್ದಾರ ವರ್ಗದ ಸಿಟ್ಟಿಗೆ ಗುರಿಯಾಗಿ ಕೆಲವು ಕಡೆ ಪ್ರದರ್ಶನಕ್ಕೆ ನಿಷೇಧವನ್ನೂ ಎದುರಿಸಿತು. ಅದರಲ್ಲಿ ರೈತನ ಪಾತ್ರ ವಹಿಸಿದವರು ಕನ್ನಡ ತೆಲುಗು ಎರಡೂ ರಂಗಭೂಮಿಗಳು ತಮ್ಮವರೆಂದು ಹೇಳಿಕೊಳ್ಳುವ ಬಳ್ಳಾರಿ ರಾಘವ. ಚಿತ್ರ ತಯಾರಿಸಿದ ಸಂಸ್ಥೆಯ ಬೆನ್ನಿಗೆ ಚಲ್ಲಪಲ್ಲಿಯ ಜಮೀನ್ದಾರರೇ ಇದ್ದರೆಂಬುದು ಆ ಕಾಲದ ರಾಜಕೀಯ ಎಷ್ಟು ಸಿಕ್ಕಾಗಿತ್ತೆಂಬುದಕ್ಕೆ ಸಾಕ್ಷಿ.

ತೆಲಂಗಾಣದ ಮಾತು ಬೇರೆಯೇ. ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ, ಅಂದರೆ ಬೀದರ್, ಗುಲ್ಬರ್ಗಾ, ರಾಯಚೂರುಗಳೂ 1956ರವರೆಗೆ ಸೇರಿದ್ದ ರಾಜ್ಯದಲ್ಲಿ, ಕಂದಾಯ ವಸೂಲಿಯ ಪರಂಪರಾಗತ ಅಧಿಕಾರದಿಂದ ಬೆಳೆದ ದೇಶಮುಖರು ಸಾವಿರಾರು ಎಕರೆಗಳ ಒಡೆಯರಾಗಿದ್ದರು. ಗಡಿ ಎಂದು ಕರೆಯುತ್ತಿದ್ದ ಅವರ ಕೋಟೆಯಂಥ ಮನೆಗಳಿಗೆ ಊರಿನ ಪ್ರತಿಯೊಂದು ಕಸುಬಿನವರೂ ಕೂಲಿಯಿಲ್ಲದೆ ದುಡಿಯಬೇಕಿತ್ತು. ವೆಟ್ಟಿ ಎಂಬ ಈ ಬಿಟ್ಟಿ ಚಾಕರಿಯ ವಿರುದ್ಧವೇ 1946ರಲ್ಲಿ ಸಶಸ್ತ್ರ ಹೋರಾಟ ಹೊತ್ತಿಕೊಂಡದ್ದು. ಶ್ಯಾಮ್ ಬೆನೆಗಲ್ ಅವರ ‘ನಿಶಾಂತ್’ (1975) ಅದರ ಹಿಂದಿನ ವರ್ಷದಲ್ಲಿ, ಹೆಸರಿಲ್ಲದ ಹಳ್ಳಿಯೊಂದರಲ್ಲಿ ನಡೆಯುತ್ತದೆ. ವಿಜಯ ತೆಂಡೂಲ್ಕರ್ ಬರೆದ ಈ ಚಿತ್ರಕಥೆ ಶುರುವಾಗುವುದೇ ದೇವಸ್ಥಾನದ ಒಡವೆಗಳ ಕಳವಿನಿಂದ. ಕದ್ದವರು ಊರಿನ ಒಡೆಯನ ತಮ್ಮಂದಿರು, ತಿಳಿದೂ ಬಾಯಿ ಬಿಡದವನು ಪೂಜಾರಿ. ಅಮರೀಶ್ ಪುರಿ ನಟಿಸಿದ ಹಿರಿಯಣ್ಣನ ಮನೆಯವರು ಊರಿಗೆ ಹೊಸದಾಗಿ ಬಂದ ಮೇಷ್ಟರ ಹೆಂಡತಿಯನ್ನು ರಾತ್ರಿ ಮನೆಯಿಂದಲೇ ಹೊತ್ತೊಯ್ಯುತ್ತಾರೆ. ಮೇಷ್ಟರಾಗಿ ನಟಿಸಿದ ಗಿರೀಶ ಕಾರ್ನಾಡರು ಪೊಲೀಸ್ ಠಾಣೆ, ವಕೀಲ, ಕಲೆಕ್ಟರ್ ಎಂದು ಒಂದೊಂದೇ ಬಾಗಿಲು ತಟ್ಟುವ ದೃಶ್ಯಗಳಲ್ಲಿ ಎಲ್ಲಿಯೂ ಆರ್ಭಟವಿಲ್ಲ, ಎಲ್ಲರೂ ಸಭ್ಯವಾಗಿಯೇ ಮಾತನಾಡುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಬಂಗಾಳದ ಚಿತ್ರಗಳು ಹೇಳದೆ ಬಿಟ್ಟ ಸಂಗತಿ ಇಲ್ಲಿ ಬಿಡಿಸಿಟ್ಟಂತಿದೆ: ಒಡೆಯನ ಮನೆ ನಿಂತಿರುವುದು ಅದರ ಕಂಬಗಳ ಮೇಲಲ್ಲ, ಸರ್ಕಾರಿ ಕಚೇರಿಗಳ ಮೌನದ ಮೇಲೆ.

‘ನಿಶಾಂತ್’ನ ಅಂತ್ಯದಲ್ಲಿ ಊರು ಎದ್ದು ಒಡೆಯನ ಮನೆಯವರನ್ನು ಕೊಲ್ಲುವಾಗ, ಅಪಹರಣಕ್ಕೊಳಗಾದ ಮೇಷ್ಟರ ಹೆಂಡತಿಯೂ, ನಸೀರುದ್ದೀನ್ ಶಾ ನಟಿಸಿದ ಮೆದು ಮನಸ್ಸಿನ ತಮ್ಮನ ಹೆಂಡತಿಯೂ ಆ ಕಿಚ್ಚಿಗೆ ಬಲಿಯಾಗುತ್ತಾರೆ. ಬಂಡಾಯವನ್ನು ಇಷ್ಟು ಅಳುಕಿನಿಂದ ನೋಡಿದ್ದಕ್ಕೆ ಬೆನೆಗಲ್ ಅವರನ್ನು ಆಕ್ಷೇಪಿಸಬಹುದು, ಆದರೆ ಆ ಅಳುಕು ಪ್ರಾಮಾಣಿಕವಾದದ್ದು. ಗೌತಮ್ ಘೋಷ್ ನಿರ್ದೇಶಿಸಿ ಬಿ. ನರಸಿಂಗ ರಾವ್ ನಿರ್ಮಿಸಿದ ‘ಮಾ ಭೂಮಿ’ (1979) ಅದೇ ಹೋರಾಟವನ್ನು ರೈತನ ಮಗನ ಕಣ್ಣಿನಿಂದ, ಅಂಥ ಯಾವ ಅಳುಕೂ ಇಲ್ಲದೆ ಹೇಳಿತು. ನರಸಿಂಗ ರಾವ್ ಅವರೇ ನಿರ್ದೇಶಿಸಿದ ‘ದಾಸಿ’ (1988) ಇವೆಲ್ಲಕ್ಕಿಂತ ಸೂಕ್ಷ್ಮವಾದ ಕೃತಿ. ದೊರೆಸಾನಿಯ ತವರಿನಿಂದ ವರದಕ್ಷಿಣೆಯ ವಸ್ತುಗಳ ಜೊತೆ ದಾಸಿಯರನ್ನೂ ಕಳಿಸುತ್ತಿದ್ದ ರೂಢಿಯನ್ನು ಹಿಡಿದು, 1920ರ ದಶಕದ ಗಡಿಯೊಂದರಲ್ಲಿ ಕಮಲಾಕ್ಷಿ ಎಂಬ ದಾಸಿಯ ದಿನಚರಿಯನ್ನು ಅದು ನಿಧಾನವಾಗಿ ಹಿಂಬಾಲಿಸುತ್ತದೆ: ನೀರು ಹೊರುವುದು, ನೆಲ ಒರೆಸುವುದು, ಕರೆದಾಗ ದೊರೆಯ ಕೋಣೆಗೆ ಹೋಗುವುದು. ಅರ್ಚನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಈ ಪಾತ್ರ ಬಾಯಿಬಿಟ್ಟು ಆಡುವ ಮಾತು ಬಹಳ ಕಡಿಮೆ. ಅದೇ ದೊಡ್ಡ ಮನೆ, ಅದೇ ಕಂಬಗಳು, ಆದರೆ ನೋಡುವ ಕಣ್ಣಿನ ಎತ್ತರ ಬದಲಾಗಿದೆ. ಕಂಬಗಳು ಇಲ್ಲಿ ಒರೆಸಬೇಕಾದ ವಸ್ತುಗಳು.

ಕರ್ನಾಟಕದ ಬಹುಭಾಗದಲ್ಲಿ ಬಂಗಾಳದ ಮಾದರಿಯ ಜಮೀನ್ದಾರಿ ಇರಲಿಲ್ಲ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಸರ್ಕಾರ ನೇರವಾಗಿ ಹಿಡುವಳಿದಾರನಿಂದ ಕಂದಾಯ ಪಡೆಯುವ ರೈತವಾರಿ ಪದ್ಧತಿ ಜಾರಿಯಲ್ಲಿತ್ತು, ಆದರೆ ಆ ಹಿಡುವಳಿದಾರನ ಕೆಳಗೆ ಮೂಲಗೇಣಿ, ಚಾಲಗೇಣಿ ಒಕ್ಕಲುಗಳೂ, ಅವರ ಕೆಳಗೆ ಭೂಮಿ ಹಿಡಿಯುವ ಹಕ್ಕೇ ಇಲ್ಲದ ದಲಿತರೂ ಇದ್ದರು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ (1975) ಈ ಕೆಳಗಿನ ಮೆಟ್ಟಿಲಿನಿಂದ ಮೇಲೆ ನೋಡುತ್ತದೆ. ಒಡೆಯ ಸಂಕಪ್ಪಯ್ಯ ದುಷ್ಟನಲ್ಲ, ಕನಿಕರವುಳ್ಳವನೇ; ಚೋಮನಿಗೆ ಗೇಣಿಗೆ ಭೂಮಿ ಕೊಡುವುದಕ್ಕೆ ಅಡ್ಡ ಬರುವುದು ಜಾತಿ. ಇನ್ನೊಂದು ಬದಿಯಲ್ಲಿ ಘಟ್ಟದ ಮೇಲಿನ ಕಾಫಿ ತೋಟದ ಸಾಲವಿದೆ. ಅದನ್ನು ತೀರಿಸಲು ದುಡಿಯಹೋದ ಮಗಳು ಬೆಳ್ಳಿಯ ಮೇಲೆ ತೋಟದ ಒಡೆಯ ಅತ್ಯಾಚಾರ ಮಾಡುತ್ತಾನೆ, ಆಮೇಲೆ ಲೆಕ್ಕದ ಪುಸ್ತಕದಲ್ಲಿ ಚೋಮನ ಸಾಲ ವಜಾ ಆಗುತ್ತದೆ. ವಸಾಹತು ಕಾಲದ ಭೂಒಡೆತನದ ಭ್ರಷ್ಟತೆ ಏನೆಂಬುದನ್ನು ಆ ಒಂದು ಜಮಾ ನಮೂದು ಹೇಳಿದಷ್ಟು ಈ ಸಮೀಕ್ಷೆಯಲ್ಲಿ ಬಂದ ಬೇರಾವ ದೃಶ್ಯವೂ ಹೇಳಿಲ್ಲ.

ಕುವೆಂಪು ಅವರ ಕಾದಂಬರಿಯಿಂದ ಗಿರೀಶ ಕಾರ್ನಾಡರು ಮಾಡಿದ ‘ಕಾನೂರು ಹೆಗ್ಗಡಿತಿ’ (1999) ಮಲೆನಾಡಿನ ಗೌಡಿಕೆಯ ಮನೆಯನ್ನು ಒಳಗಿನಿಂದ ತೋರಿಸುತ್ತದೆ. ‘ನಿಶಾಂತ್’ನಲ್ಲಿ ಒಡೆಯರಿಂದ ಹೆಂಡತಿಯನ್ನು ಕಳೆದುಕೊಂಡ ಮೇಷ್ಟರಾಗಿದ್ದ ಕಾರ್ನಾಡರೇ ಇಲ್ಲಿ ಕಾನೂರು ಚಂದ್ರೇಗೌಡರಾಗಿ ನಟಿಸಿದ್ದಾರೆ. ತಾರಾ ಅವರ ಸುಬ್ಬಮ್ಮ ಛೋಟಿ ಬಹೂವಿನಂತೆ ಮನೆಯೊಳಗೆ ನವೆದು ಹೋಗುವವಳಲ್ಲ. ಗೌಡರ ಮೂರನೆಯ ಹೆಂಡತಿಯಾಗಿ ಬಂದು ಯಜಮಾನಿಕೆಯ ರುಚಿ ಕಂಡವಳು, ಅದಕ್ಕೆ ಬೆಲೆಯನ್ನೂ ತೆತ್ತವಳು. ಕಾದಂಬರಿಯ ಹರಹನ್ನು ಎರಡು ಗಂಟೆಯೊಳಗೆ ಹಿಡಿಯುವಾಗ ಆಳುಗಳ, ಒಕ್ಕಲುಗಳ ಲೋಕ ಕುಗ್ಗಿದೆಯೆಂಬುದು ಮಾತ್ರ ಕಾದಂಬರಿ ಓದಿದವರಿಗೆಲ್ಲ ತಿಳಿಯುವ ಕೊರತೆ.

ಕಂದಾಯವನ್ನೇ ಶೀರ್ಷಿಕೆಯಾಗಿಸಿಕೊಂಡ ‘ಲಗಾನ್’ (2001) ಈ ಸಾಲಿಗೆ ಸೇರಬೇಕಿತ್ತು, ಆದರೆ ಸೇರುವುದಿಲ್ಲ. 1893ರ ಕಥೆಯಲ್ಲಿ ತೆರಿಗೆಯ ಪಾಪವೆಲ್ಲ ಇಂಗ್ಲಿಷ್ ಕ್ಯಾಪ್ಟನ್ನನ ತಲೆಗೆ ಕಟ್ಟಿ, ಸ್ಥಳೀಯ ರಾಜನನ್ನು ಅಸಹಾಯಕ ಸಜ್ಜನನನ್ನಾಗಿ ಮಾಡಲಾಗಿದೆ. ನಡುವಿನ ಮೆಟ್ಟಿಲುಗಳು ಮಾಯವಾದರೆ ಕಥೆ ಸಲೀಸಾಗುತ್ತದೆ, ಇತಿಹಾಸ ಆಗುವುದಿಲ್ಲ.

ಜಮೀನ್ದಾರಿಯ ಕೊನೆಯ ಗಳಿಗೆಯನ್ನು ವಿಕ್ರಮಾದಿತ್ಯ ಮೋಟ್ವಾನೆ ಅವರ ‘ಲೂಟೇರಾ’ (2013) 1953ರ ಬಂಗಾಳದಲ್ಲಿಟ್ಟು ನೋಡಿತು. ಪುರಾತತ್ವ ಇಲಾಖೆಯವರೆಂದು ಹೇಳಿಕೊಂಡು ಬಂದ ಕಳ್ಳರು ಮನೆಯ ದೇವರನ್ನೂ ಬಿಡದೆ ದೋಚುತ್ತಾರೆ, ಸರ್ಕಾರದ ಕಾನೂನು ಭೂಮಿಯನ್ನು ಒಯ್ಯುತ್ತದೆ, ಮುದಿ ಜಮೀನ್ದಾರ ಆ ಆಘಾತದಿಂದ ಚೇತರಿಸಿಕೊಳ್ಳುವುದಿಲ್ಲ. ಕಾನೂನನ್ನೂ ಕಳವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಚಿತ್ರ, ಐವತ್ತೈದು ವರ್ಷಗಳ ನಂತರ ಮತ್ತೆ ‘ಜಲ್ಸಾಘರ್’ನ ಮರುಕಕ್ಕೇ ಮರಳಿತು. ನಡೆದ ಇತಿಹಾಸ ಇಷ್ಟು ಕರುಣಾಜನಕವಾಗಿರಲಿಲ್ಲ. 1950ರ ಬಿಹಾರದ ಭೂಸುಧಾರಣೆ ಕಾಯ್ದೆಯ ವಿರುದ್ಧ ದರ್ಭಂಗಾದ ಮಹಾರಾಜ ಕಾಮೇಶ್ವರ ಸಿಂಗ್ ಮೊದಲಾದ ಜಮೀನ್ದಾರರು ಹೈಕೋರ್ಟಿಗೆ ಹೋಗಿ 1951ರ ಮಾರ್ಚ್‌ನಲ್ಲಿ ಗೆದ್ದರು. ಆ ತೀರ್ಪನ್ನು ಮೀರಲು ಅದೇ ವರ್ಷ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ತಂದು, ಭೂಸುಧಾರಣೆಯ ಕಾಯ್ದೆಗಳನ್ನು ನ್ಯಾಯಾಲಯದ ಪರಿಶೀಲನೆಯಿಂದ ಕಾಪಾಡುವ ಒಂಬತ್ತನೆಯ ಅನುಸೂಚಿಯನ್ನು ಸೇರಿಸಬೇಕಾಯಿತು. 1952ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಮುಖ್ಯ ಭಾಗಗಳನ್ನು ಎತ್ತಿಹಿಡಿಯಿತು. ಕುದುರೆಯಿಂದ ಬಿದ್ದು ಸತ್ತ ಜಮೀನ್ದಾರನಿಗಿಂತ ವಕೀಲರನ್ನಿಟ್ಟುಕೊಂಡು ಹೋರಾಡಿದ, ಪರಿಹಾರದ ಹಣವನ್ನು ಬೇರೆ ವ್ಯವಹಾರಗಳಲ್ಲಿ ತೊಡಗಿಸಿದ, ಮುಂದೆ ಚುನಾವಣೆಗೂ ನಿಂತ ಜಮೀನ್ದಾರನೇ ಇತಿಹಾಸಕ್ಕೆ ಹತ್ತಿರದವನು, ಮತ್ತು ಅವನ ಬಗ್ಗೆ ಒಂದು ದೊಡ್ಡ ಚಿತ್ರ ಇನ್ನೂ ಬರಬೇಕಾಗಿದೆ. ಕನ್ನಡಕ್ಕೂ ಅಂಥದೇ ವಸ್ತು ಮನೆಯಂಗಳದಲ್ಲೇ ಇದೆ: 1974ರ ತಿದ್ದುಪಡಿಯ ನಂತರ ತಾಲೂಕು ತಾಲೂಕುಗಳಲ್ಲಿ ಕೂತ ಭೂನ್ಯಾಯಮಂಡಳಿಗಳ ಮುಂದೆ, ತಾವು ಉಳುತ್ತಿದ್ದ ನೆಲ ತಮ್ಮದೆಂದು ಅರ್ಜಿ ಹಿಡಿದು ನಿಂತ ಒಕ್ಕಲುಗಳೂ, ಅದೇ ಅಂಗಳದಲ್ಲಿ ಹಳೆಯ ಕಾಗದಪತ್ರಗಳ ಕಟ್ಟು ಬಿಚ್ಚುತ್ತ, ಆ ನೆಲವನ್ನು ತಾವು ಗೇಣಿಗೆ ಕೊಟ್ಟೇ ಇರಲಿಲ್ಲವೆಂದು ವಾದಿಸಿದ ಒಡೆಯರೂ.